ನಾಲ್ಕು ಹೊಲದ ಸರಾಸರಿ

ಹತ್ತನೇ ತರಗತಿಯ ಗಣಿತದಲ್ಲಿ ಒಮ್ಮೆ, ಪಿಯುಸಿ ಮೊದಲ ವರ್ಷದ ಅರ್ಥಶಾಸ್ತ್ರದಲ್ಲಿ ಇನ್ನೊಮ್ಮೆ, ಬಿ.ಕಾಂ.ಗೆ ಬಂದ ಮೇಲೆ ಮತ್ತೊಮ್ಮೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ವಾಣಿಜ್ಯ ವಿದ್ಯಾರ್ಥಿಗಳು ಪದವಿ ಮುಗಿಸುವಷ್ಟರಲ್ಲಿ ಸರಾಸರಿ, ಮಧ್ಯಾಂಕ, ಬಹುಲಕಗಳನ್ನು ಮೂರು ಸಲ ಕಲಿತಿರುತ್ತಾರೆ. ಮೂರು ಸಲವೂ ಕಲಿಯುವುದು ಹೆಚ್ಚುಕಡಿಮೆ ಅದನ್ನೇ. ಎ ಕಾರ್ಖಾನೆ, ಬಿ ಕಾರ್ಖಾನೆಯ ಕಾರ್ಮಿಕರ ಕೂಲಿಯ ಕೋಷ್ಟಕ ಇರುತ್ತದೆ. ಕಾಲಂ ಹಾಕಿ, ಗುಣಿಸಿ, ಕೂಡಿಸಿ, ಭಾಗಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆದರೆ ಮುಗಿಯಿತು. ಆ ಕಾರ್ಖಾನೆ ಯಾವ ಊರಲ್ಲಿದೆ, ಕೂಲಿಯನ್ನು ಬರೆದುಕೊಂಡವರು ಯಾರು ಎಂದು ಪ್ರಶ್ನೆಪತ್ರಿಕೆ ಹೇಳುವುದಿಲ್ಲ, ವಿದ್ಯಾರ್ಥಿ ಕೇಳುವುದೂ ಇಲ್ಲ.

ಕೈಲೆಕ್ಕವನ್ನು ಹೀಗಳೆಯಬೇಕಾಗಿಲ್ಲ. ಪ್ರಮಾಣ ವಿಚಲನೆಯನ್ನು ಒಮ್ಮೆಯಾದರೂ ಬೆವರು ಸುರಿಸಿ ತೆಗೆದವರಿಗೆ, ದೂರ ನಿಂತ ಒಂದೇ ಒಂದು ಅಂಕಿ ವರ್ಗವಾದಾಗ ಎಷ್ಟು ಹಿಗ್ಗುತ್ತದೆ ಎಂಬುದು ಅರಿವಿಗೆ ಬರುತ್ತದೆ. ಕಂಪ್ಯೂಟರಿನ ಗುಂಡಿ ಒತ್ತಿದವರಿಗೆ ಅದು ಕಾಣದು. ಕೊರತೆ ಸೂತ್ರದ್ದಲ್ಲ, ಸೂತ್ರಕ್ಕೆ ಹಾಕುವ ಅಂಕಿಗಳದ್ದು.

2011ರ ಜನಗಣತಿಯನ್ನೇ ತೆಗೆದುಕೊಳ್ಳಿ. ಆಗಿನ ವಿಜಾಪುರ ಜಿಲ್ಲೆಯ ಸಾಕ್ಷರತೆ ಶೇ 67.15, ಗಂಡಸರದು ಶೇ 77.21, ಹೆಂಗಸರದು ಶೇ 56.72. ಈ ಎರಡನ್ನು ಕೂಡಿಸಿ ಅರ್ಧ ಮಾಡಿದರೆ ಶೇ 66.97 ಬರುತ್ತದೆ, 67.15 ಬರುವುದಿಲ್ಲ. ವ್ಯತ್ಯಾಸ ಎಲ್ಲಿಂದ ಬಂತು? ಜಿಲ್ಲೆಯಲ್ಲಿ 1,000 ಗಂಡಸರಿಗೆ ಇದ್ದದ್ದು 960 ಹೆಂಗಸರು, ಹಾಗಾಗಿ ಗಂಡಸರ ಅಂಕಿಗೆ ತೂಕ ಹೆಚ್ಚು. ತೂಕದ ಸರಾಸರಿಯ ಪಾಠ ಇಷ್ಟರಲ್ಲೇ ಆಯಿತು. ಜಿಲ್ಲೆಯ ಸರಾಸರಿಯೊಂದನ್ನೇ ಓದಿದವರಿಗೆ ಗಂಡು ಹೆಣ್ಣಿನ ನಡುವಿನ 20 ಅಂಶಗಳ ಕಂದಕ ಕಾಣುವುದಿಲ್ಲ ಎಂಬ ಇನ್ನೊಂದು ಪಾಠವೂ ಅಲ್ಲೇ ಇದೆ.

ಇದಕ್ಕಿಂತ ಹತ್ತಿರದ ಉದಾಹರಣೆ ತೊಗರಿ ಹೊಲದಲ್ಲಿದೆ. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ನಷ್ಟವನ್ನು ಒಬ್ಬೊಬ್ಬ ರೈತನ ಹೊಲ ನೋಡಿ ಅಳೆಯುವುದಿಲ್ಲ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೇ ಘಟಕ. ಅಲ್ಲಿ ಲಾಟರಿಯಂತೆ ಆರಿಸಿದ ಸರ್ವೆ ನಂಬರುಗಳಲ್ಲಿ ಬೆಳೆ ಕಟಾವು ಪ್ರಯೋಗ ನಡೆಯುತ್ತದೆ, ಕನಿಷ್ಠ 4 ಕಡೆ. ಆ ಸರಾಸರಿಯನ್ನು ಹಿಂದಿನ ವರ್ಷಗಳ ಇಳುವರಿಯಿಂದ ಗೊತ್ತುಮಾಡಿದ ಮಟ್ಟದ ಜೊತೆ ಹೋಲಿಸುತ್ತಾರೆ. ಕಡಿಮೆ ಬಂದರೆ ಪರಿಹಾರ, ಇಲ್ಲದಿದ್ದರೆ ಇಲ್ಲ.

ಈಗ ಲೆಕ್ಕಕ್ಕಾಗಿ ಹೀಗೆಂದುಕೊಳ್ಳೋಣ. ನಾಲ್ಕು ಹೊಲಗಳಲ್ಲಿ ಎಕರೆಗೆ 2, 3, 3, 8 ಕ್ವಿಂಟಲ್ ಬಂತು. ನಾಲ್ಕನೆಯದಕ್ಕೆ ಬೋರ್‌ವೆಲ್ ನೀರಿತ್ತು. ಸರಾಸರಿ 4, ಮಧ್ಯಾಂಕ 3. ನಿಗದಿ ಮಟ್ಟವೂ 4 ಆಗಿದ್ದರೆ, ನಾಲ್ವರಲ್ಲಿ ಮೂವರ ಬೆಳೆ ಕೈಕೊಟ್ಟಿದ್ದರೂ ಇಡೀ ಪಂಚಾಯಿತಿಗೆ ಬಿಡಿಗಾಸು ಬರುವುದಿಲ್ಲ. ಪಾಠಪುಸ್ತಕದ ಕೊನೆಯಲ್ಲಿ ಬರುವ ಪ್ರಮಾಣ ದೋಷದ ಸೂತ್ರ ಇಲ್ಲಿ ಜೀವ ಪಡೆಯುತ್ತದೆ: 4 ಮಾದರಿಗಳಿದ್ದರೆ ದೋಷ ಹೊಲಗಳ ನಡುವಿನ ವಿಚಲನೆಯ ಅರ್ಧದಷ್ಟು, ಅದನ್ನು ಇನ್ನರ್ಧಕ್ಕೆ ಇಳಿಸಲು 8 ಸಾಲದು, 16 ಬೇಕು. ವಿಮೆಯ ಬಗ್ಗೆ ಅಪ್ಪ ಗೊಣಗುವುದನ್ನು ಕೇಳಿ ಬೆಳೆದ ಹುಡುಗಿಗೆ ಈ ವರ್ಗಮೂಲ ಮರೆಯುವುದು ಕಷ್ಟ. ಬೆಳೆ ಕಟಾವಿಗೆ ಯಾದೃಚ್ಛಿಕ ಮಾದರಿಯ ಪದ್ಧತಿಯನ್ನು 1940ರ ದಶಕದಲ್ಲಿ ಕಟ್ಟಿದವರು ಪಿ.ಸಿ. ಮಹಲನೋಬಿಸ್, ಪಿ.ವಿ. ಸುಖಾತ್ಮೆ. ಮಾದರಿಯಿಂದ ತೆಗೆದ ಅಂದಾಜು ಎಷ್ಟರಮಟ್ಟಿಗೆ ನಿಖರವಾಗಬಲ್ಲದು ಎಂಬುದಕ್ಕೆ 1945ರಲ್ಲಿ ಒಂದು ಮಿತಿಯನ್ನು ತೋರಿಸಿದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. 2023ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು, ಅದೇ ವರ್ಷ ತೀರಿಕೊಂಡರು.

ತೊಗರಿ ಹೊಲದಂಥ ಉದಾಹರಣೆಗಳು ಹುಡುಕಿದರೆ ಬೇಕಾದಷ್ಟಿವೆ. ಮಳೆಗಾಲದಲ್ಲಿ ಆಲಮಟ್ಟಿಯ ನೀರಿನ ಮಟ್ಟ, ಒಳಹರಿವು, ಹೊರಹರಿವು ದಿನಾ ಪತ್ರಿಕೆಯಲ್ಲಿ ಬರುತ್ತವೆ. 519.60 ಮೀಟರಿಗೆ ಸುಮಾರು 123 ಟಿಎಂಸಿ ನೀರು ನಿಲ್ಲುವ ಆ ಜಲಾಶಯದಲ್ಲಿ ತಳದ ಒಂದು ಮೀಟರ್ ಬೇರೆ, ಮೇಲಿನ ಒಂದು ಮೀಟರ್ ಬೇರೆ. ಮಟ್ಟಕ್ಕೂ ಸಂಗ್ರಹಕ್ಕೂ ನೇರ ಗೆರೆ ಎಳೆಯಹೊರಟವರು ಹಿಂಚಲನೆಯ ಮಿತಿಯನ್ನು ತಾವೇ ಕಂಡುಕೊಳ್ಳುತ್ತಾರೆ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಇಂಡಿ ಲಿಂಬೆ ಬೇಸಿಗೆಯಲ್ಲಿ ದುಬಾರಿ, ಮಳೆಗಾಲದಲ್ಲಿ ಅಗ್ಗ. ಹನ್ನೆರಡು ತಿಂಗಳ ದರ ಕೂಡಿಸಿ 12ರಿಂದ ಭಾಗಿಸಿದರೆ ಬರುವ ದರ ಬೆಳೆಗಾರನ ಕಿಸೆಗೆ ಬಿದ್ದದ್ದಲ್ಲ, ಏಕೆಂದರೆ ದರ ಏರಿದಾಗ ಗಿಡದಲ್ಲಿ ಕಾಯಿ ಕಡಿಮೆ.

ಪಾಠದಲ್ಲಿ ಇಂಥ ಅಂಕಿಗಳಿಲ್ಲದ ಕೊರತೆಯನ್ನು ಅಧ್ಯಾಪಕರ ತಲೆಗೆ ಕಟ್ಟುವುದು ಅನ್ಯಾಯ. ಸೆಮಿಸ್ಟರ್ ಚಿಕ್ಕದು, ಗಣಿತವೆಂದರೆ ಬೆಚ್ಚುವವರು ಬಹಳ, ಅದರ ಮೇಲೆ 2021ರಲ್ಲಿ ಹೊಸ ಶಿಕ್ಷಣ ನೀತಿ ಬಂದು 2024ರಲ್ಲಿ ಹಳೆಯ ಮೂರು ವರ್ಷದ ಪದವಿಯೇ ಮರಳಿತು. ಪಠ್ಯ ಬದಲಾದಾಗಲೆಲ್ಲ ನೋಟ್ಸ್ ಹೊಸದಾಯಿತು, ಎ ಕಾರ್ಖಾನೆ ಮಾತ್ರ ಮುಚ್ಚಲಿಲ್ಲ.

ಈ ಭಾಗದ ಕಾಲೇಜುಗಳಿಗೆ ಪಠ್ಯ ಗೊತ್ತುಮಾಡುವುದು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಅಲ್ಲಿಯ ಅಧ್ಯಯನ ಮಂಡಳಿ ಒಂದು ಸೂತ್ರವನ್ನೂ ತೆಗೆಯುವುದು ಬೇಡ. ಆಂತರಿಕ ಅಂಕಗಳಲ್ಲಿ ಒಂದು ಪಾಲನ್ನು ವಿದ್ಯಾರ್ಥಿ ತನ್ನ ಪಂಚಾಯಿತಿಯಿಂದ ತಂದ ಅಂಕಿಗಳಿಗೆ ಮೀಸಲಿಡಲಿ. ತೊಗರಿ ಕಟಾವು ಬರುವುದು ಡಿಸೆಂಬರ್, ಜನವರಿಯಲ್ಲಿ. ಕಟಾವು ಪ್ರಯೋಗ ನೋಡಲು ವಿದ್ಯಾರ್ಥಿಗಳನ್ನು ಕಳಿಸಲು ಕೃಷಿ ಇಲಾಖೆಗೆ ಒಂದು ಪತ್ರ ಬರೆದರೂ ಕೆಲಸ ಶುರುವಾಗುತ್ತದೆ.