ಬಳ್ಳಾರಿ ರಸ್ತೆಗೆ ಬಂದವರು ವಾರ್ಡಿಗೆ ಬರಲಿಲ್ಲ

2016ರ ಅಕ್ಟೋಬರ್ 16ರ ಭಾನುವಾರ ಬೆಂಗಳೂರಿನ ಬಳ್ಳಾರಿ ರಸ್ತೆಯುದ್ದಕ್ಕೂ ಸಾವಿರಾರು ಜನ ಮಾನವ ಸರಪಳಿಯಾಗಿ ನಿಂತರು. ಅವರು ವಿರೋಧಿಸಿದ್ದು ಸರ್ಕಾರದ ಯೋಜನೆಯೊಂದನ್ನು: ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉಕ್ಕಿನ ಸೇತುವೆ, ವೆಚ್ಚ 1,791 ಕೋಟಿ ರೂಪಾಯಿ, ಉರುಳಬೇಕಿದ್ದ ಮರಗಳು ಎಂಟುನೂರಕ್ಕೂ ಹೆಚ್ಚು. ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಕೂಗು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ಚಳವಳಿಯಾಗಿ ಇದಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಯಾವ ಪಕ್ಷದ ಬಾವುಟದಡಿಯೂ ನಿಲ್ಲದೆ, ‘ಜನರನ್ನು ಕೇಳದೆ ಇಷ್ಟು ದುಡ್ಡು ಹೇಗೆ ಸುರಿಯುತ್ತೀರಿ’ ಎಂಬ ಒಂದೇ ಪ್ರಶ್ನೆಗೆ ಅಂಟಿಕೊಂಡು ಗೆದ್ದದ್ದು ಸಣ್ಣ ಮಾತಲ್ಲ. ಅಂದು ರಸ್ತೆಗಿಳಿದ ಯುವಜನರಿಗೆ, ಸರ್ಕಾರ ಹಿಂದೆ ಸರಿಯುವುದನ್ನು ಕಣ್ಣಾರೆ ಕಂಡ ಅನುಭವ ಸಿಕ್ಕಿತು.

ಆದರೆ ಆ ಗೆಲುವು ಎಲ್ಲಿಗೆ ಮುಟ್ಟಿತು? ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್ 22ರಂದು. ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕೆಂದು ಸಂವಿಧಾನವೇ ಹೇಳಿದೆ. ಹಾಗಿದ್ದೂ ಆಡಳಿತಾಧಿಕಾರಿಗಳ ಕೈಯಲ್ಲಿ ವರ್ಷಗಳು ಉರುಳಿದವು. 2025ರ ಸೆಪ್ಟೆಂಬರಿನಲ್ಲಿ ನಗರ ಐದು ಪಾಲಿಕೆಗಳಾಗಿ ಹೋಳಾದಾಗ ಅದನ್ನು ಚರ್ಚಿಸಲು ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಸೇತುವೆ ಬೇಡವೆಂದು ಕೈ ಹಿಡಿದು ನಿಂತಾಗ ಹದಿನೆಂಟು ತುಂಬಿದ್ದ ಯಲಹಂಕದ ಹುಡುಗಿಯೊಬ್ಬಳಿಗೆ ಆ ಹೊತ್ತಿಗೆ ಇಪ್ಪತ್ತೇಳು. ಅಷ್ಟು ವರ್ಷಗಳಲ್ಲಿ ತನ್ನ ವಾರ್ಡಿಗಾಗಿ ಒಮ್ಮೆಯೂ ಮತ ಹಾಕುವ ಅವಕಾಶ ಅವಳಿಗೆ ಬರಲಿಲ್ಲ. ಚುನಾವಣೆಗಾಗಿ ಕೆಲವರು ಕೋರ್ಟಿನಲ್ಲಿ ಹೋರಾಡಿದರು, ಸೇತುವೆ ವಿರೋಧಿಸಿದ ಸಂಘಟನೆಯೇ ವಾರ್ಡ್ ಸಮಿತಿಗಳಿಗಾಗಿಯೂ ದುಡಿಯಿತು. ಆದರೆ ಬಳ್ಳಾರಿ ರಸ್ತೆಯ ಆ ಜನಸಾಗರ ಮತ್ತೆ ಕಾಣಲಿಲ್ಲ. ನನ್ನನ್ನು ಕಾಡುವುದು ಇದೇ. 2024ರ ಲೋಕಸಭಾ ಚುನಾವಣೆಯಲ್ಲೂ ರಾಜ್ಯದ ಮತದಾನ ಶೇ 70ರಷ್ಟಿದ್ದರೆ ಹೆಬ್ಬಾಳ ಸೇರಿರುವ ಬೆಂಗಳೂರು ಉತ್ತರ ಕ್ಷೇತ್ರ ಶೇ 54ರ ಆಸುಪಾಸಿನಲ್ಲೇ ನಿಂತಿತು.

2025ರ ಸೆಪ್ಟೆಂಬರಿನಲ್ಲೇ ನೇಪಾಳದ ಯುವಜನ ಪ್ರಧಾನಿಯ ರಾಜೀನಾಮೆ ಪಡೆದು, ಮುಂದೆ ಯಾರು ಆಳಬೇಕೆಂದು ಚಾಟ್ ಆ್ಯಪ್ ಡಿಸ್ಕಾರ್ಡ್‌ನಲ್ಲಿ ಚರ್ಚಿಸಿ ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿಯವರ ಹೆಸರು ಮುಂದಿಟ್ಟರು. ಅದಕ್ಕೆ ತೆತ್ತ ಬೆಲೆ ಎಪ್ಪತ್ತಕ್ಕೂ ಹೆಚ್ಚು ಜೀವ. ಆ ದಾರಿ ಇಲ್ಲಿಗೆ ಬೇಡ. ಆದರೆ ‘ನಮ್ಮನ್ನು ಆಳುವವರು ಯಾರು’ ಎಂಬ ಅವರ ಪ್ರಶ್ನೆ ಇಲ್ಲಿಗೂ ಬೇಕು.

ಇಲ್ಲಿ ಆ ಪ್ರಶ್ನೆ ಏಕೆ ಏಳುವುದಿಲ್ಲ? ಯುವಜನರಿಗೆ ಆಸಕ್ತಿಯಿಲ್ಲ ಎಂಬ ಸಿದ್ಧ ಉತ್ತರವನ್ನು ನಾನು ಒಪ್ಪುವುದಿಲ್ಲ. ಬಳ್ಳಾರಿ ರಸ್ತೆಯೇ ಅದಕ್ಕೆ ಸಾಕ್ಷಿ. ಅವರಿಗೆ ಇಲ್ಲದಿರುವುದು ರೂಢಿ. 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತವು. ಗಲಾಟೆ, ಹೊಡೆದಾಟದ ಕಾರಣ ಕೊಟ್ಟರು. ಗಲಾಟೆ ಸುಳ್ಳಲ್ಲ, ಆದರೆ ಗಲಾಟೆಯನ್ನು ತಡೆಯುವ ಬದಲು ಚುನಾವಣೆಯನ್ನೇ ತಡೆದರು. ಹಾಗಾಗಿ ಹೆಬ್ಬಾಳ, ಯಲಹಂಕದ ಸುತ್ತ ಇಷ್ಟೊಂದು ಕಾಲೇಜುಗಳಿದ್ದರೂ ಪ್ರಣಾಳಿಕೆ ಬರೆಯುವುದು, ಸೋತ ಮೇಲೂ ಗೆದ್ದವನ ಜೊತೆ ಕೂತು ಹಾಸ್ಟೆಲ್ ನೀರಿನ ಲೆಕ್ಕ ಕೇಳುವುದು, ಇವನ್ನೆಲ್ಲ ಹುಡುಗರು ಎಲ್ಲಿಯೂ ಕಲಿಯದೆ ಹೊರಬೀಳುತ್ತಾರೆ.