ವದಂತಿಯ ಭಾಷೆ, ನಿರಾಕರಣೆಯ ಭಾಷೆ

ತಮಿಳುನಾಡಿನಲ್ಲಿ ಬಿಹಾರದ ಕಾರ್ಮಿಕರ ಮೇಲೆ ಹಲ್ಲೆ ನಡೆಯುತ್ತಿದೆಯೆಂಬ ವಿಡಿಯೊಗಳು 2023ರ ಮಾರ್ಚ್ ಆರಂಭದಲ್ಲಿ ಹರಿದಾಡಿದವು. ಅವುಗಳಲ್ಲಿ ಎರಡು ತಿರುಪ್ಪೂರು ಮತ್ತು ಕೊಯಮತ್ತೂರಿನ ಹಳೆಯ ಘಟನೆಗಳೆಂದೂ, ಒಂದು ಬಿಹಾರದವರ ಎರಡು ಗುಂಪುಗಳ ಜಗಳ, ಇನ್ನೊಂದು ಸ್ಥಳೀಯರ ನಡುವಿನ ಘರ್ಷಣೆಯೆಂದೂ ಅಂದಿನ ಪೊಲೀಸ್ ಮಹಾನಿರ್ದೇಶಕ ಸಿ. ಶೈಲೇಂದ್ರ ಬಾಬು ಸ್ಪಷ್ಟಪಡಿಸಿದರು. ಬಿಹಾರದಿಂದ ಅಧಿಕಾರಿಗಳ ತಂಡವೊಂದು ಬಂದು ವಿಚಾರಿಸಿ ಹೋಯಿತು. ಪ್ರಕರಣವನ್ನು 'ಸುಳ್ಳುಸುದ್ದಿ' ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವುದು ಸುಲಭ.

ಆದರೆ ಆ ಪದವು ಭಯದ ಕಾರಣವನ್ನು ವಿವರಿಸುವುದಿಲ್ಲ. ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ದುಡಿಯುವ, ತಮಿಳು ಓದಲು ಬಾರದ ಕಾರ್ಮಿಕನಿಗೆ ಪಕ್ಕದ ಬೀದಿಯ ಸುದ್ದಿಯನ್ನು ಅಲ್ಲಿಯ ಪತ್ರಿಕೆ ತಿಳಿಸಲಾರದು. ತಾನಿರುವ ಊರಿನ ಸುದ್ದಿ ಅವನಿಗೆ ಮೊಬೈಲಿನಲ್ಲಿ, ಸಾವಿರಾರು ಕಿಲೋಮೀಟರ್ ದೂರದ ಹಿಂದಿಯಲ್ಲಿ ಬರುತ್ತದೆ. ಕೊನೆಗೆ ಪೊಲೀಸರೂ ಹಿಂದಿಯಲ್ಲಿಯೇ ಧೈರ್ಯ ಹೇಳಬೇಕಾಯಿತು. ಸತ್ಯಾಂಶ ಸಿದ್ಧವಿದ್ದರೆ ಸಾಲದು. ಕೇಳುವವನ ಭಾಷೆಯಲ್ಲಿ ಅದು ಮೊದಲೇ ಅವನನ್ನು ತಲುಪಿರಬೇಕು.

ಡಿಜಿಟಲ್ ಸಾರ್ವಜನಿಕ ಚರ್ಚೆಯ ಸಂಶೋಧನೆಯಲ್ಲಿ ರೂಢಿಯಾಗಿರುವ ಒಂದು ಕ್ರಮದ ಮಿತಿ ಇಲ್ಲಿ ಕಾಣಿಸುತ್ತದೆ. ಬಹಿರಂಗ ಬರಹಗಳನ್ನು ಸಂಗ್ರಹಿಸಿ, ಪದಗಳಿಂದ ಹುಡುಕಿ, ಎಣಿಸುವ ಕ್ರಮವಿದು. ವಾಟ್ಸ್‌ಆಪ್‌ನ ಖಾಸಗಿ ಮಾತುಕತೆ ಗೂಢಲಿಪೀಕರಣದಲ್ಲಿರುವುದರಿಂದ ಅದು ಈ ಎಣಿಕೆಗೆ ಸಿಗುವುದಿಲ್ಲ. ಧ್ವನಿ ಸಂದೇಶವಂತೂ ಅಕ್ಷರದ ಹುಡುಕಾಟಕ್ಕೆ ಎಟುಕುವುದೇ ಇಲ್ಲ.

ಈ ಮಿತಿ ಕನ್ನಡಕ್ಕೂ ನೇರವಾಗಿ ತಟ್ಟುತ್ತದೆ. ಇದೇ ಜಿಲ್ಲೆಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ದೇವಾಂಗ, ಒಕ್ಕಲಿಗ ಮನೆತನಗಳಲ್ಲಿ ಮನೆಮಾತು ಕನ್ನಡ, ಶಾಲೆಯ ಅಕ್ಷರ ಹೆಚ್ಚಾಗಿ ತಮಿಳು. ಅವರು ಚುನಾವಣೆಯನ್ನೋ ನೂಲಿನ ಬೆಲೆಯನ್ನೋ ಕುರಿತು ಮನೆಮಾತಿನಲ್ಲಿ ಆಡಿ ಕಳುಹಿಸಿದ್ದು ಕನ್ನಡ ಲಿಪಿಯ ಹುಡುಕಾಟಕ್ಕೆ ಸಿಗದು. ತಮಿಳು ಲಿಪಿಯಲ್ಲಿ ಬರೆದ ಕನ್ನಡವನ್ನು ತಮಿಳಿನ ಹುಡುಕಾಟ ಗುರುತಿಸದು. ಆಗ 'ಇಲ್ಲಿ ಕನ್ನಡದಲ್ಲಿ ರಾಜಕೀಯ ಚರ್ಚೆಯಿಲ್ಲ' ಎಂಬ ತೀರ್ಮಾನ ಹೊರಟರೆ, ಅದು ಸಮುದಾಯದ ಮೌನವಲ್ಲ, ಉಪಕರಣದ ಕಿವುಡು. ಅಂಥ ತೀರ್ಮಾನದ ಬೆಲೆಯೂ ದೊಡ್ಡದು: ಚರ್ಚೆಯಿಲ್ಲವೆಂದು ದಾಖಲಾದ ಭಾಷೆಯಲ್ಲಿ ಮಾಹಿತಿ ಕೊಡುವ ಅಗತ್ಯವೂ ಆಡಳಿತಕ್ಕೆ ಕಾಣಿಸದು.

ಎಣಿಕೆ ವ್ಯರ್ಥವೆಂದು ಈ ಮಾತಿನ ಅರ್ಥವಲ್ಲ. ವದಂತಿ ಹರಡುವ ವೇಗವನ್ನು ತಿಳಿಯಲು ಅದು ಬೇಕೇ ಬೇಕು. ಆದರೆ ಅದರ ಜೊತೆಗೆ, ಒಪ್ಪಿಗೆ ಪಡೆದು ಮನೆಗಳಲ್ಲಿ, ಮಗ್ಗದ ಬಳಿ, ಕಾರ್ಮಿಕರ ವಸತಿಗಳಲ್ಲಿ ಕುಳಿತು ಕೇಳುವ ಕ್ಷೇತ್ರಕಾರ್ಯವೂ ನಡೆಯಬೇಕು. ಯಾರು ಏನನ್ನು ಹಂಚಿದರು ಎಂಬ ಪ್ರಶ್ನೆಗಿಂತ ಮೊದಲು, ಯಾರು ಯಾರ ಮಾತನ್ನು ಯಾವ ಭಾಷೆಯಲ್ಲಿ ನಂಬುತ್ತಾರೆ ಎಂದು ಕೇಳಬೇಕಾಗಿದೆ.