ನರಾಚಿಯ ನಾಣ್ಯ, ಕೆಜಿಎಫ್ ಠಸ್ಸೆ

ಪ್ರತಿಕೃತಿ ನಾಣ್ಯ ತಾನು ನಕಲೆಂಬ ಠಸ್ಸೆ ಹೊತ್ತೇ ಬರುತ್ತದೆ. ಖೋಟಾ ನಾಣ್ಯ ಅದನ್ನು ಮುಚ್ಚಿಟ್ಟು ಚಲಾವಣೆಗೆ ಇಳಿಯುತ್ತದೆ. ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್: ಚಾಪ್ಟರ್ 1’ (2018) ಚಿತ್ರವನ್ನು ನಾನು ಈ ಒರೆಗೆ ಹಚ್ಚಿ ನೋಡುತ್ತೇನೆ. ಗಣಿಗೆ ‘ನರಾಚಿ’ ಎಂಬ ಕಲ್ಪಿತ ಹೆಸರಿಟ್ಟದ್ದು ಪ್ರಾಮಾಣಿಕ ಠಸ್ಸೆಯೇ. ಆದರೆ ಶೀರ್ಷಿಕೆ ನಿಜದ ಊರಿನದು. ಆ ಊರಿನ ಕಾರ್ಮಿಕರು ಉದ್ಧಾರಕನಿಗಾಗಿ ಕಾದು ಕೂತ ಮೂಕ ಗುಲಾಮರಲ್ಲ; 1930ರಲ್ಲಿ ಬೆರಳಚ್ಚು ನೋಂದಣಿಯ ವಿರುದ್ಧ ತಾವೇ ಮುಷ್ಕರ ಹೂಡಿದವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅಲ್ಲಿನ ಎಷ್ಟೋ ಮಂದಿ ದಿನವೂ ಬಂಗಾರಪೇಟೆ ಮಾರ್ಗದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕಲ್ಪನೆಗೆ ನನ್ನ ತಕರಾರಿಲ್ಲ. ಪರದೆಯ ಗುಲಾಮರನ್ನೇ ಚರಿತ್ರೆಯೆಂದು ನಾವು ಚಲಾವಣೆಗೆ ಬಿಟ್ಟರೆ ಮಾತ್ರ ಪ್ರತಿಕೃತಿ ಖೋಟಾ ಆಗುತ್ತದೆ. ಆಗ ನಷ್ಟ ಆ ಊರಿನದು.